ಟರ್ಕಿಯಲ್ಲಿ ಧರ್ಮನಿರಪೇಕ್ಷತೆ ಜನ ಕೇಳಿ ಪಡೆದದ್ದಾ, ಮೇಲಿಂದ ಹೇರಿದ್ದಾ?

ನಿಮ್ಮ ಪ್ರಶ್ನೆ ಇದು: ಟರ್ಕಿ ಗಣರಾಜ್ಯ ಕಟ್ಟಿದ ಮುಸ್ತಫಾ ಕೆಮಾಲ್ ಒಂದು ಕಡೆ ‘ಅಧಿಕಾರ ಜನರದ್ದು’ ಅಂದರು, ಇನ್ನೊಂದು ಕಡೆ ಜನರನ್ನು ಕೇಳದೆಯೇ ಧರ್ಮವನ್ನು ಸರ್ಕಾರದಿಂದ ಹೊರಗಿಟ್ಟರು. ಇವೆರಡೂ ಒಟ್ಟಿಗೆ ಹೇಗೆ ಸರಿಹೋಗುತ್ತವೆ?

ನಾನು ಕಲಬುರಗಿಯವನು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಪ್ರಶ್ನೆ ನನ್ನ ತಲೆಯಲ್ಲೂ ಬಹಳ ವರ್ಷದಿಂದ ಕೂತಿದೆ. ನನಗೆ ಅನ್ನಿಸುವುದು ಇಷ್ಟು: ಜನರ ಆಳ್ವಿಕೆ ಬರಬೇಕಾದರೆ ಖಲೀಫನ, ಅಂದರೆ ಮುಸ್ಲಿಮರ ಧಾರ್ಮಿಕ ಮುಖ್ಯಸ್ಥನ, ಗಾದಿ ಹೋಗಲೇಬೇಕಿತ್ತು. ಆದರೆ ಅಲ್ಲಿಗೆ ನಿಲ್ಲದೆ ಜನರ ಪ್ರಾರ್ಥನೆಯ ಭಾಷೆಗೂ ಕೈಹಾಕಿದ್ದು ತಪ್ಪು.

ಮೊದಲು ಏನಾಯಿತು ಅಂತ ನೋಡಿ. 1920ರ ಏಪ್ರಿಲ್ 23, ಶುಕ್ರವಾರ. ಸುಲ್ತಾನನ ರಾಜಧಾನಿ ಇಸ್ತಾಂಬುಲ್ ಆಗ ಬ್ರಿಟಿಷರ ಮತ್ತು ಅವರ ಮಿತ್ರರ ವಶದಲ್ಲಿತ್ತು. ಅಂಕಾರಾದಲ್ಲಿ ಹಾಜಿ ಬೈರಾಮ್ ಮಸೀದಿಯಲ್ಲಿ ನಮಾಜು ಮುಗಿಸಿ ಸದಸ್ಯರೆಲ್ಲ ಹೊಸ ಸಂಸತ್ತಿಗೆ ನಡೆದರು. ಕಟ್ಟಡದ ಕೆಲಸವೇ ಪೂರ್ತಿ ಮುಗಿದಿರಲಿಲ್ಲ. ಕೂರಲು ಕುರ್ಚಿ ಇಲ್ಲ, ಶಾಲೆಯಿಂದ ಮಕ್ಕಳ ಬೆಂಚು ತಂದು ಹಾಕಿದ್ದರು. ಆ ಬೆಂಚುಗಳ ಮೇಲೆ ರುಮಾಲು ಸುತ್ತಿದ ಮೌಲ್ವಿಗಳೂ ಕೂತರು, ಸೈನ್ಯದ ಅಧಿಕಾರಿಗಳೂ ಕೂತರು. ಸುಲ್ತಾನನನ್ನೂ ಖಿಲಾಫತ್ತನ್ನೂ (ಖಲೀಫನ ಪದವಿಯನ್ನು) ಶತ್ರುಗಳ ಕೈಯಿಂದ ಬಿಡಿಸುತ್ತೇವೆ ಎಂದೇ ಅವರು ಹೇಳಿಕೊಂಡಿದ್ದು. ಧರ್ಮನಿರಪೇಕ್ಷತೆ ಎಂಬ ಮಾತೇ ಅಲ್ಲಿರಲಿಲ್ಲ.

ಆದರೆ 1921ರ ಜನವರಿಯಲ್ಲಿ ಅದೇ ಸಭೆ ಬರೆದ ಸಂವಿಧಾನದ ಮೊದಲ ವಿಧಿ, ಪರಮಾಧಿಕಾರ ಯಾವ ಷರತ್ತೂ ಇಲ್ಲದೆ ರಾಷ್ಟ್ರಕ್ಕೆ ಸೇರಿದ್ದು ಅಂದಿತು. ಮುಂದಿನದೆಲ್ಲ ಈ ಒಂದು ವಾಕ್ಯದಿಂದಲೇ ಹುಟ್ಟಿತು ಅನ್ನುತ್ತೇನೆ ನಾನು. ಅಧಿಕಾರ ರಾಷ್ಟ್ರದ್ದಾದರೆ ಸುಲ್ತಾನನಿಗೆ ಉಳಿಯುವುದೇನು? 1922ರ ನವೆಂಬರ್ 1ರಂದು ಸುಲ್ತಾನಗಿರಿ ರದ್ದಾಯಿತು. 1923ರ ಅಕ್ಟೋಬರ್ 29ಕ್ಕೆ ಗಣರಾಜ್ಯ ಬಂತು. ಖಲೀಫ ಅಬ್ದುಲ್ ಮಜೀದ್ ಮಾತ್ರ ಇಸ್ತಾಂಬುಲಿನ ಅರಮನೆಯಲ್ಲಿ ಉಳಿದರು. ಹೊಸ ಸರ್ಕಾರ ಇಷ್ಟವಿಲ್ಲದವರೆಲ್ಲ ಅವರ ಕಡೆ ನೋಡತೊಡಗಿದರು. ಒಂದೇ ಮನೆಗೆ ಇಬ್ಬರು ಯಜಮಾನರಿದ್ದ ಹಾಗೆ. 1924ರ ಮಾರ್ಚ್ 3ರಂದು ಸಂಸತ್ತು ಖಿಲಾಫತ್ತನ್ನೂ ತೆಗೆದುಹಾಕಿತು. ಮರುದಿನ ನಸುಕಿನಲ್ಲೇ ಖಲೀಫನ ಕುಟುಂಬವನ್ನು ಕಾರುಗಳಲ್ಲಿ ಕೂರಿಸಿದರು. ಊರಿನ ದೊಡ್ಡ ಸ್ಟೇಷನ್ನಿನಲ್ಲಿ ಜನ ಸೇರಬಹುದು ಎಂಬ ಭಯ ಇತ್ತು. ಹಾಗಾಗಿ ಹೊರವಲಯದ ಚತಾಲ್ಜಾ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಯುರೋಪಿಗೆ ಕಳಿಸಿದರು.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ. ಹೀಗೆ ಗಡಿಪಾರಾದ ಖಲೀಫರಿಗೆ ಹೈದರಾಬಾದಿನ ನಿಜಾಮರು ಮಾಸಾಶನ ಕೊಟ್ಟರು. 1931ರಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ಖಲೀಫರ ಮಗಳು ದುರ್ರು ಶೆಹ್ವಾರ್‌ಗೂ ನಿಜಾಮರ ಹಿರಿಮಗನಿಗೂ ಮದುವೆಯಾಯಿತು. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಸೀಮೆ. ಹಾಗಾಗಿ ಕೊನೆಯ ಖಲೀಫರ ಮಗಳು ನಮ್ಮ ಸೀಮೆಯ ಅರಮನೆಗೇ ಸೊಸೆಯಾಗಿ ಬಂದರು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ.

ಈಗ ಕಾನೂನಿನ ವಿಷಯ. 1926ರಲ್ಲಿ ಸ್ವಿಟ್ಜರ್ಲೆಂಡಿನ ಮಾದರಿಯ ನಾಗರಿಕ ಸಂಹಿತೆ ತಂದರು. ಗಂಡಸು ಎರಡನೇ ಮದುವೆಯಾಗುವ ಹಾಗಿಲ್ಲ. ವಿಚ್ಛೇದನ ಕೇಳುವ ಹಕ್ಕು ಹೆಂಡತಿಗೂ ಬಂತು. ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 1934ರಲ್ಲಿ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ, ನಿಲ್ಲುವ ಹಕ್ಕು ಸಿಕ್ಕಿತು. ಇದನ್ನೂ ಮೇಲಿಂದ ಹೇರಿದ್ದೇ, ನಿಜ. ಆದರೆ ಆಗ ಜನರ ಅಭಿಪ್ರಾಯ ಅಂತ ಕೇಳಿದ್ದರೆ ಯಾರನ್ನು ಕೇಳುತ್ತಿದ್ದರು ಹೇಳಿ? ಮನೆಯ ಗಂಡಸರನ್ನು. ಅದಕ್ಕೇ ಈ ಒಂದು ಹೇರಿಕೆಯ ಬಗ್ಗೆ ನನಗೆ ಬೇಸರವಿಲ್ಲ.

ಬೇಸರ ಇರುವುದು ಇನ್ನೊಂದು ವಿಷಯದಲ್ಲಿ. ಧರ್ಮನಿರಪೇಕ್ಷತೆಗೆ ಟರ್ಕಿಯವರು ‘ಲಾಯಿಕ್ಲಿಕ್’ ಅನ್ನುತ್ತಾರೆ. ಅದು ನಾವಂದುಕೊಂಡ ಹಾಗೆ ಸರ್ಕಾರ ಬೇರೆ, ಧರ್ಮ ಬೇರೆ ಎಂಬ ವ್ಯವಸ್ಥೆಯಲ್ಲ. ಖಿಲಾಫತ್ ರದ್ದಾದ ದಿನವೇ ‘ದಿಯಾನೆತ್’ ಎಂಬ ಧಾರ್ಮಿಕ ಇಲಾಖೆ ಹುಟ್ಟಿತು. ನಮ್ಮ ಮುಜರಾಯಿ ಇಲಾಖೆಯನ್ನು ನೆನಪಿಸಿಕೊಳ್ಳಿ, ಆದರೆ ಇದರ ಹಿಡಿತ ಇನ್ನೂ ಜಾಸ್ತಿ. ಇಮಾಮರು ಸರ್ಕಾರಿ ಸಂಬಳದವರು. 1925ರಲ್ಲಿ ಸೂಫಿ ಮಠಗಳಿಗೂ ದರ್ಗಾಗಳಿಗೂ ಬೀಗ ಬಿತ್ತು. 1932ರಿಂದ ಆಜಾನ್‌ ಟರ್ಕಿಶ್ ಭಾಷೆಯಲ್ಲೇ ಆಗಬೇಕು ಅಂದರು. 1941ರಲ್ಲಿ ಕಾನೂನನ್ನೇ ತಿದ್ದಿ, ಅರಬ್ಬಿಯಲ್ಲಿ ಕೂಗಿದರೆ ಜೈಲು ಅಂತ ಮಾಡಿದರು. ಒಬ್ಬ ಮುದುಕ ಚಿಕ್ಕಂದಿನಿಂದ ಐದು ಹೊತ್ತೂ ಕೇಳಿದ ಕರೆ ಅದು. ಅದು ತಪ್ಪಿಹೋದಾಗ ಅವನಿಗೆ ಹೇಗನ್ನಿಸಿರಬೇಡ? ಅದರಿಂದ ಯಾರ ಹಕ್ಕೂ ಬೆಳೆಯಲಿಲ್ಲ, ಸುಮ್ನೆ ಜನರ ಮನಸ್ಸು ಮುರಿಯಿತು.

ಜನರ ಮಾತು ಕೇಳುವ ದಾರಿಗಳೂ ಮುಚ್ಚಿದ್ದವು. 1924ರಲ್ಲಿ ಹುಟ್ಟಿದ ವಿರೋಧ ಪಕ್ಷ ಮರುವರ್ಷವೇ ಮುಚ್ಚಿತು. 1930ರಲ್ಲಿ ಕೆಮಾಲ್ ತಮ್ಮ ಗೆಳೆಯ ಫೆತ್ಹಿ ಅವರಿಂದಲೇ ಇನ್ನೊಂದು ಪಕ್ಷ ಕಟ್ಟಿಸಿದರು. ಜನ ಅದರ ಸಭೆಗಳಿಗೆ ಮುಗಿಬಿದ್ದರು. ಮೂರೇ ತಿಂಗಳಲ್ಲಿ ಅದೂ ಹೋಯಿತು. 1946ರ ಚುನಾವಣೆಯಲ್ಲಿ ಎಲ್ಲರ ಎದುರಿಗೆ ಮತ ಹಾಕಿಸಿ, ಮುಚ್ಚಿದ ಬಾಗಿಲ ಹಿಂದೆ ಎಣಿಸಿದರು.

ಸರಿಯಾದ ಚುನಾವಣೆ ನಡೆದದ್ದು 1950ರ ಮೇ 14ರಂದು. ಕೆಮಾಲ್ ಕಟ್ಟಿದ ಪಕ್ಷ ಸೋತಿತು. ಅಧ್ಯಕ್ಷ ಇಸ್ಮೆತ್ ಇನೊನು ತಕರಾರಿಲ್ಲದೆ ಅಧಿಕಾರ ಬಿಟ್ಟುಕೊಟ್ಟರು. ಗೆದ್ದ ಪಕ್ಷದ ಮೆಂಡೆರೆಸ್ ಪ್ರಧಾನಿಯಾದರು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ ಅನ್ನಿಸುತ್ತದೆ ನನಗೆ. ಗೆದ್ದವರು ಒಂದೇ ತಿಂಗಳಲ್ಲಿ, ಜೂನ್ 16ರಂದು, ಅರಬ್ಬಿ ಆಜಾನ್ ಮೇಲಿನ ನಿಷೇಧ ತೆಗೆದರು. ಸೋತ ಪಕ್ಷವೂ ಅಡ್ಡಬರಲಿಲ್ಲ. ಆದರೆ ನಾಗರಿಕ ಸಂಹಿತೆಯನ್ನು ಯಾರೂ ಮುಟ್ಟಲಿಲ್ಲ. ಖಲೀಫನನ್ನು ವಾಪಸ್ ಕರೆಸಲಿಲ್ಲ. ಹೆಂಗಸರ ಮತ ಹಾಗೇ ಉಳಿಯಿತು.

ಮುಂದೆ ಮೆಂಡೆರೆಸ್ ಕೂಡ ಪತ್ರಿಕೆಗಳ ಬಾಯಿ ಕಟ್ಟಿದರು. 1960ರಲ್ಲಿ ಸೈನ್ಯ ಅವರನ್ನು ಇಳಿಸಿತು, 1961ರಲ್ಲಿ ಗಲ್ಲಿಗೂ ಹಾಕಿತು. ಅಲ್ಲಿಂದ ಧರ್ಮನಿರಪೇಕ್ಷತೆಯ ಕಾವಲು ನಮ್ಮದು ಅಂತ ಸೈನ್ಯ ಮತ್ತೆ ಮತ್ತೆ ಬಂತು. ಜನರದ್ದಾಗಬೇಕಿದ್ದ ಮೌಲ್ಯ ಬಂದೂಕಿನವರದ್ದಾಯಿತಲ್ಲ, ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಯಾವುದೂ ಇಲ್ಲ ಅನ್ನಿಸುತ್ತದೆ.

1928ರಲ್ಲಿ ಟರ್ಕಿಶ್ ಬರವಣಿಗೆಯನ್ನು ಅರಬ್ಬಿ ಲಿಪಿಯಿಂದ ಲ್ಯಾಟಿನ್ ಲಿಪಿಗೆ ಬದಲಾಯಿಸಿದ್ದನ್ನು ಬೇಕೆಂದೇ ಬಿಟ್ಟಿದ್ದೇನೆ, ಅದು ಬೇರೆಯೇ ದೊಡ್ಡ ಕಥೆ. ಪ್ರತ್ಯೇಕ ಪ್ರಶ್ನೆ ಹಾಕಿ, ಬರೆಯುತ್ತೇನೆ.