ರಾತ್ರಿ ಪಾಳಿಯವರ ತಪಸ್ಸುಕಾಲ
ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ, ಮಾಂಸ ಬಿಟ್ಟರೂ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತ) ಮನಸ್ಸಿಗೆ ತಾಗುತ್ತಿಲ್ಲ, ದಿನವೂ ಉಪವಾಸ ಮಾಡಲೇ ಎಂದು ಕೇಳಿದ್ದೀರಿ. ಬೇಡ. ಕಥೋಲಿಕ ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿರುವುದು ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ, ಅದೂ 18ರಿಂದ 59 ವರ್ಷದವರಿಗೆ. ನಿದ್ದೆಗೆಟ್ಟ ದೇಹವನ್ನು ದಂಡಿಸಿ ಸಹೋದ್ಯೋಗಿಗಳ ಮೇಲೆ ರೇಗುವುದು ಯಾವ ಭಕ್ತಿ?

ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಉಪವಾಸಕ್ಕಿಂತ ಮೊದಲೇ ದಾನ, ಪ್ರಾರ್ಥನೆಗಳ ಮಾತೆತ್ತುತ್ತಾರೆ. ನೀವು ಬಿಟ್ಟ ಬಿರಿಯಾನಿಯ ಹಣ ಎಲ್ಲಿ ಹೋಯಿತು? ತೆಗೆದಿಟ್ಟು ಹಸಿದವರಿಗೆ ಮುಟ್ಟಿಸಿ. (ಅದರ ಬದಲು ಪನೀರ್ ತರಿಸಿಕೊಂಡಿದ್ದರೆ ಉಳಿತಾಯವೇನೂ ಇರದು ಬಿಡಿ.) ಯೇಸುವಿನ ಯಾತನೆಯನ್ನು ಧ್ಯಾನಿಸುವ ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆ ತಪ್ಪಿದರೆ, ಪಾಳಿ ಮುಗಿಸಿ ಬರುವಾಗ ದಾರಿಯ ಚರ್ಚಿನಲ್ಲಿ ಆ ಹಾದಿಯ 14 ಸ್ಥಳಗಳ ಚಿತ್ರಗಳ ಮುಂದೆ ಒಬ್ಬರೇ ನಿಂತು ಪ್ರಾರ್ಥಿಸಬಹುದು. ಗುರುಗಳ ಬಳಿ ಮಾಡುವ ಪಾಪನಿವೇದನೆಯನ್ನು ಮಾತ್ರ ಈಸ್ಟರ್ ಹಿಂದಿನ ಪವಿತ್ರ ವಾರದ ನೂಕುನುಗ್ಗಲಿನವರೆಗೆ ಮುಂದೂಡಬೇಡಿ.