ವಿಜಯಪುರದಾಗ ಟೂರಿಸ್ಟ್‌ಗಳು ಹೋಗದ, ಲೋಕಲ್ ಜನ ಉಣ್ಣೋ ಜಾಗ ಹೆಂಗ ಹುಡುಕೋದು?

ಮ್ಯಾಪ್‌ನ್ಯಾಗ 4 ಸ್ಟಾರ್ ಮ್ಯಾಲಿನವನ್ನೆಲ್ಲಾ ಸೇವ್ ಮಾಡ್ಕೊಂಡೀನಿ, ಆದ್ರ ಎಲ್ಲಾ ಒಂದೇ ನಮೂನಿ ಕಾಣ್ತಾವ ಅಂತ ಬರ್ದೀರಲ್ಲ, ಓದಿ ನಗು ಬಂತ್ರೀ. ಬೆಳಗಾವಿಂದ ಬೀಜದ ಕಂಪನಿ ಕೆಲಸಕ್ಕ ವಿಜಯಪುರಕ್ಕ ಬಂದಾಗ ನಾನೂ ಥೇಟ್ ಹಿಂಗ ಇದ್ನಿ. ಎಸಿ ಹೋಟೆಲ್, ಪನೀರ್ ಮಸಾಲಾ, ಬಟರ್ ನಾನ್. ಇಡೀ ದೇಶದಾಗ ಎಲ್ಲಿ ಬೇಕಾದ್ರೂ ಸಿಗೋ ಊಟ.

ಜ್ವಾಳದ ರೊಟ್ಟಿ ಊಟದ ಖಾನಾವಳಿಗೆ ಹೋಗೇ ಇಲ್ಲ ಅಂತಲ್ಲ. ರೂಮಿನ ಬಾಜೂಕ ಒಂದು ಲಿಂಗಾಯತ ಖಾನಾವಳಿ ಇತ್ತು, ಒಮ್ಮೆ ಫೀಲ್ಡ್ ಮುಗಿಸ್ಕೊಂಡು ಹೋಗೋದ್ರಾಗ ಹೊತ್ತು ನಾಲ್ಕಾಗಿತ್ತು. ತಾಟಿನ್ಯಾಗ ಎರಡು ಖಡಕ್ ರೊಟ್ಟಿ, ಆರಿದ ಬ್ಯಾಳಿ, ತಳದಾಗ ಉಳಿದ ಬದನಿಕಾಯಿ ಎಣ್ಣಿ. ಖಾನಾವಳಿ ಅಂದ್ರ ಇಷ್ಟ ಅಂತ ತಿಳ್ಕೊಂಡು ಮತ್ತ ಆ ಕಡೆ ಹಾಯಲೇ ಇಲ್ಲ, ಒಂದು ಹಿಂಗಾರಿ ಪೂರ್ತಿ ಪನೀರ್ ತಿಂದು ರೊಕ್ಕಾನೂ ಹೋತು, ಹೊಟ್ಟೀನೂ ಕೆಟ್ಟಿತು.

ತಪ್ಪು ಖಾನಾವಳೀದಲ್ಲ, ನಾ ಹೋದ ಹೊತ್ತಿಂದು, ಮತ್ತ ಇದನ್ನ ಸ್ವಲ್ಪ ಉದ್ದಕ್ಕ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಜ್ವಾಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗಿ ಇರಂಗಿಲ್ಲ. ಅದಕ್ಕ ಕುದಿಯೋ ಎಸರು ಹಾಕಿ ಕಲಸಬೇಕು, ಕಲಸಿ ಹಂಗ ಇಟ್ರ ಬಿರೀತೈತಿ, ಬೆಳಿಗ್ಗೆ ನಾದಿಟ್ಟು ಸಂಜಿಗೆ ರೊಟ್ಟಿ ಬಡೀತೀನಿ ಅಂದ್ರ ನಡಿಯಂಗಿಲ್ಲ. ಒಂದೊಂದು ಮುದ್ದಿ ತೊಗೊಂಡು ನಾದಿ ಆಗಿಂದಾಗ ಬಡಿಬೇಕು, ಹಂಚಿಗೆ ಹಾಕಿದ ಕೂಡ್ಲೆ ಒದ್ದಿ ಅರಿವಿಲೆ ಮ್ಯಾಲಿನ ಒಣಹಿಟ್ಟು ಒರಸಬೇಕು, ತಿರುವಿ ಹಾಕಿದ್ರ ಉಬ್ಬತೈತಿ. ಈ ಬಡಿಯೋ ಕೆಲಸ ಮಧ್ಯಾಹ್ನ ಹನ್ನೆರಡುವರಿಯಿಂದ ಎರಡು, ಎರಡುವರಿ ತನಕ ಜೋರು, ಆಮ್ಯಾಲ ಒಲಿ ಆರಸ್ತಾರ, ಪಲ್ಯಾನೂ ತೀರಿರ್ತೈತಿ. ತಡ ಮಾಡಿ ಬಂದಾವ್ಗ ಮೊದಲ ಮಾಡಿ ಒಣಗಿಸಿಟ್ಟ ಖಡಕ್ ರೊಟ್ಟಿನ ಗತಿ. ಖಡಕ್ ರೊಟ್ಟಿ ಕೆಟ್ಟದ್ದಲ್ಲ, ಮೊಸರಿನ ಜೋಡಿ ನನಗ ಭಾಳ ಸೇರ್ತೈತಿ, ಆದ್ರ ಅದನ್ನ ತಿಂದು ಖಾನಾವಳಿ ಊಟ ಹೆಂಗೈತಿ ಅಂತ ಹೇಳಾಕ ಬರಂಗಿಲ್ಲ.

ಈಗ ಟೂರಿಸ್ಟ್ ಏನ್ ಮಾಡ್ತಾನ ನೋಡ್ರಿ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಮುಗಿಸಿ, ಬಾರಾ ಕಮಾನ್ ಮುಂದ ಫೋಟೋ ತಗಸ್ಕೊಂಡು ಮೂರುವರಿಗೆ ಉಣ್ಣಾಕ ಬರ್ತಾನ, ಆರಿದ್ದು ತಿಂದು ಎರಡು ಸ್ಟಾರ್ ಒತ್ತಿ ಹೋಗ್ತಾನ. ದಿನಾ ಒಂದು ಗಂಟೆಕ್ಕ ಬಂದು ಉಣ್ಣೋ ಧೋತರದ ಮುದುಕ ಸ್ಟಾರ್ ಒತ್ತಂಗಿಲ್ಲ. ನಿಮ್ಮ 4 ಸ್ಟಾರ್ ಫಿಲ್ಟರ್ ಹಾಕಿದ್ರ ಮೊದಲು ಅಳಿಸಿ ಹೋಗೋದು ಛಲೋ ಖಾನಾವಳಿನ.

ನನ್ನ ಕಣ್ಣು ತೆರೆಸಿದ್ದು ಎಪಿಎಂಸಿ ಕಡೆ ಬೀಜದ ಅಂಗಡಿ ಸಾಹುಕಾರ್ರು. "ಬರ್ರಿ ಸರ, ಒಲಿ ಆರೂದ್ರೊಳಗ ಉಂಡು ಬರೂಣು" ಅಂತ ಗಾಡಿ ಮ್ಯಾಲ ಕೂಡ್ರಿಸ್ಕೊಂಡು ಒಯ್ದ್ರು, ಎಲ್ಲಿಗೆ ಅಂದ್ರ ಅದೇ ಖಾನಾವಳಿಗೆ! ಬಿಸಿ ರೊಟ್ಟಿ, ಎಣ್ಣಿಗಾಯಿ, ಮಡಿಕಿ ಕಾಳು, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಬಾಜೂಕ ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ಎರಿ ಹೊಲದ ಮಾಲದಂಡಿ ಜ್ವಾಳ ಬ್ಯಾರೆ, ಅದರ ಬೀಜ ಮಾರಾಕ ಬಂದಾವ ಅದರ ರೊಟ್ಟಿ ರುಚಿ ನೋಡಿದ್ದು ಆವತ್ತು.

ಹಂಗಾಗಿ "ಟೂರಿಸ್ಟ್‌ಗಳಿಗೆ ಗೊತ್ತಿಲ್ಲದ ಜಾಗ" ಅನ್ನೋ ಹುಡುಕಾಟನ ಬಿಡ್ರಿ. ಯಾವುದೂ ಮುಚ್ಚಿಟ್ಟಿಲ್ಲ. ಬಾದಾಮಿ ಹತ್ರ ಬನಶಂಕರಿ ಗುಡಿ ಮುಂದ ಅವ್ವಾರು ಬುಟ್ಟಿ ಹೊತ್ಕೊಂಡು ರೊಟ್ಟಿ, ಚಟ್ನಿ, ಸಣ್ಣ ಗಡಿಗ್ಯಾಗ ಮೊಸರು ಇಟ್ಕೊಂಡು "ಬಾರೋ ಯಪ್ಪಾ, ರೊಟ್ಟಿ ಉಣ್ಣು ಬಾ" ಅಂತ ಕೈ ಹಿಡಿದು ಕರೀತಾರ, ಆದ್ರೂ ಜನ ಕಾರ್ ಹತ್ತಿ ಮ್ಯಾಣಬಸದಿಗೆ (ಬಾದಾಮಿ ಗುಹೆ ಗುಡಿಗೆ) ಲೇಟಾತು ಅಂತ ಓಡ್ತಾರ. ಅದಕ್ಕಿಂತ ಲೋಕಲ್ ಇನ್ನೇನ್ ಬೇಕ್ರೀ?

ವಿಜಯಪುರದಾಗ ಮಧ್ಯಾಹ್ನ ಒಂದಕ್ಕ ಕೋರ್ಟು, ಬಸ್ ಸ್ಟ್ಯಾಂಡ್, ಎಪಿಎಂಸಿ ಸುತ್ತ ನಡೀರಿ, ಹಳ್ಳಿಯಿಂದ ಕೆಲಸಕ್ಕ ಬಂದೋರು ಎಲ್ಲಿ ಒಳಗ ಹೊಗ್ತಾರ ಅಲ್ಲಿ ಹೊಗ್ರಿ, ಬಾಗಲದಾಗ ನಿಂತ್ರ ಬಡಿಯೋ ಸಪ್ಪಳ ಕೇಳ್ತೈತಿ. ಗೋಳಗುಮ್ಮಟ ಬೆಳಿಗ್ಗೆನ ಮುಗಿಸ್ರಿ, ಗದ್ದಲ ಇರಂಗಿಲ್ಲ, ಪ್ರತಿಧ್ವನಿನೂ ಸ್ವಚ್ಛ ಕೇಳ್ತೈತಿ. ಆಟೋದಾವ್ರಿಗೆ "ಛಲೋ ಹೋಟೆಲ್" ಅಂತ ಕೇಳಬ್ಯಾಡ್ರಿ, ನಿಮ್ಮ ಬ್ಯಾಗ್ ನೋಡಿ ಸೀದಾ ಎಸಿಗೆ ಒಯ್ತಾರ, ಪಾಪ ಅವರ ಪ್ರಕಾರ ಅದು ಮರ್ಯಾದಿ. ಸಂಜಿಗೆ ಗಾಂಧಿ ಚೌಕ್ ಕಡೆ ಚುರಮರಿ, ಮಿರ್ಚಿ ಭಜಿ, ಅದರಾಗ ನನ್ನ ಸಲಹೆ ಏನೂ ಬೇಕಿಲ್ಲ, ವಾಸನಿ ಹಿಡ್ಕೊಂಡು ಹೋಗ್ರಿ. ಕುಡಿಯಾಕ ಲಿಂಬು ಸೋಡಾ, ನಿಮ್ಮ ಕಣ್ಣಮುಂದ ಲಿಂಬಿ ಹಿಂಡಿ ಕೊಟ್ಟಿದ್ದು. ಇದೇ ಜಿಲ್ಲಾದ ಇಂಡಿ ಊರಿನ ಲಿಂಬಿಗೆ ಜಿಐ ಟ್ಯಾಗ್ (ಆ ಊರಿನ ಮಾಲು ಅಂತ ಸರ್ಕಾರದ ಗುರುತು) ಸಿಕ್ಕೈತಿ, ಅದರ ಜಿಲ್ಲಾದಾಗ ಬಂದು ಬಾಟಲಿ ಶರಬತ್ತು ಕುಡಿಯೋದು ಶುದ್ಧ ದಂಡ. ಚಳಿಗಾಲದಾಗ ಬಂದ್ರ ಸೀತನಿ ತಿನ್ರಿ, ಎಳಿ ಜ್ವಾಳದ ತೆನಿ ಸುಟ್ಟು ತಿಕ್ಕಿದ್ದು, ಹೋಟೆಲ್‌ನ್ಯಾಗ ಸಿಗಂಗಿಲ್ಲ, ಹೊಲ ಇರೋ ದೋಸ್ತ್ ಬೇಕು.

ನಾನ್‌ವೆಜ್ ಅಂದ್ರ ಸಾವಜಿ ಸಮಾಜದವರ ಖಾನಾವಳಿ. ಖಾರ ಕಮ್ಮಿ ಹಾಕ್ರಿ ಅಂತ ಹೇಳಿ ನೋಡ್ರಿ, ಹೂಂ ಅಂತಾರ, ಕಮ್ಮಿ ಏನೂ ಆಗಂಗಿಲ್ಲ.