ಮದುವೆಯ ಉಡುಗೊರೆ ಮತ್ತು ಮೊದಲ ಬಾಣಂತನ: ಜರ್ಮನಿಗೆ ಹೊರಟ ತಂಗಿಗೆ

ಪ್ರೀತಿಯ ತಂಗಿ,

ಮದುವೆಯಲ್ಲಿ ಬಂದ ಚಿನ್ನ, ಬೆಳ್ಳಿ, ಪಾತ್ರೆಗಳಲ್ಲಿ ಯಾವುದನ್ನು ಜರ್ಮನಿಗೆ ತರಬೇಕು, ಮೊದಲ ಹೆರಿಗೆಗೆ ಕುಮಟೆಯ ತವರಿಗೆ ಮರಳಬೇಕೋ ಇಲ್ಲಿಯೇ ಉಳಿಯಬೇಕೋ ಎಂದು ನೀನು ಕೇಳಿದ್ದೀಯೆ. ಶಿರಸಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದು, ಎರಡು ಮಕ್ಕಳನ್ನು ಇಲ್ಲಿಯೇ ಹೆತ್ತವಳಾಗಿ ನಾನು ಹೇಳುವುದಿಷ್ಟು: ತವರಿನವರು ಕೊಡಬಹುದಾದದ್ದರಲ್ಲಿ ನಿನಗೆ ಇಲ್ಲಿ ಹೆಚ್ಚು ಬೇಕಾಗುವುದು ಅವರ ಆರೈಕೆ. ಹಣವನ್ನೂ ದಿನಗಳನ್ನೂ ಅದಕ್ಕಾಗಿ ಉಳಿಸಿಕೊ.

ಹೊರಡುವ ಮೊದಲು, ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಂಡ ಪುಸ್ತಕವನ್ನು ನಿನ್ನ ಆಯಿಯ (ತಾಯಿಯ) ಜೊತೆ ಕುಳಿತು ಪೂರ್ತಿಯಾಗಿ ಓದು. ಯಾರು ಏನು ಕೊಟ್ಟರೆಂಬುದು ನಾಳೆ ಅವರ ಮನೆಯ ಉಪನಯನಕ್ಕೋ ಮದುವೆಗೋ ನೀವು ಮರಳಿ ಸಲ್ಲಿಸಬೇಕಾದ ಲೆಕ್ಕ. ನೀನು ದೂರವಿದ್ದರೆ ಅದೆಲ್ಲ ಅಪ್ಪಯ್ಯನ ಮೇಲೆಯೇ ಬೀಳುವುದರಿಂದ, ಯಾವುದಕ್ಕೆ ನೀನು ಹಣ ಕಳಿಸುತ್ತೀಯೆ ಎಂದು ಈಗಲೇ ಮಾತಾಡಿಕೊ. ಅದೇ ಪುಸ್ತಕದಿಂದ ಇನ್ನೊಂದು ಪಟ್ಟಿಯನ್ನೂ ಮಾಡಿಸು. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1985ರಲ್ಲಿ ಬಂದ ನಿಯಮಗಳ ಪ್ರಕಾರ, ಮದುಮಗಳಿಗೆ ಬಂದ ಉಡುಗೊರೆಗಳ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಮತ್ತು ಸಂಬಂಧವನ್ನು ಬರೆದು, ವಧೂವರರಿಬ್ಬರೂ ಸಹಿ ಹಾಕಿ, ಆ ಪಟ್ಟಿಯನ್ನು ಮದುಮಗಳೇ ಇಟ್ಟುಕೊಳ್ಳಬೇಕು. ಹೀಗೆ ಹೆಣ್ಣಿಗೆ ಬಂದ ಸ್ತ್ರೀಧನ ಹೆಂಡತಿಯ ಸ್ವಂತದ್ದೆಂದು ಸುಪ್ರೀಂ ಕೋರ್ಟ್ ಅದೇ 1985ರಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಪಟ್ಟಿಯನ್ನು ಅತ್ತೆ ಮಾವ ಅವಿಶ್ವಾಸವೆಂದು ತಿಳಿಯಬೇಕಾಗಿಲ್ಲ. ಆದರೆ ಕೇಳಿ ಪಡೆದದ್ದು ಉಡುಗೊರೆಯಲ್ಲ. ತೊಟ್ಟಿಲ ಶಾಸ್ತ್ರಕ್ಕೆ ತವರಿನಿಂದ ಇಷ್ಟು ಬಂಗಾರ ಬರಲಿ ಎಂಬ ಸೂಚನೆ ಯಾರಿಂದ ಬಂದರೂ, ನೀನೂ ನಿನ್ನ ಯಜಮಾನರೂ ಒಂದೇ ಮಾತಿನಲ್ಲಿ ಬೇಡವೆನ್ನಿ.

ಚಿನ್ನದಲ್ಲಿ ಕರಿಮಣಿ, ಓಲೆ, ದಿನವೂ ಹಾಕಿಕೊಳ್ಳುವ ಎರಡು ಬಳೆ ಸಾಕು. ಉಳಿದದ್ದನ್ನು ನಿನ್ನ ಹೆಸರಿನ ಬ್ಯಾಂಕ್ ಲಾಕರಿನಲ್ಲಿ ಇಟ್ಟು ಬಾ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ವಿಮಾನದಲ್ಲಿ ಬರುವವರು ಹೊಸ ವಸ್ತುಗಳನ್ನು ಸುಂಕವಿಲ್ಲದೆ ತರಲು ಇರುವ ಮಿತಿ ಕೇವಲ 430 ಯೂರೋ. ಮದುವೆಯ ಕಾರಣಕ್ಕೆ ವಾಸ ಬದಲಿಸುವವರಿಗೆ ಮಾತ್ರ ಒಂದು ವಿಶೇಷ ವಿನಾಯಿತಿಯಿದ್ದು, ಅದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ: ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸವಾಗಿದ್ದವರು, ಮದುವೆಯಲ್ಲಿ ವಾಡಿಕೆಯಂತೆ ಬಂದ ಉಡುಗೊರೆಗಳನ್ನು, ಒಂದೊಂದರ ಬೆಲೆ 1,000 ಯೂರೋ ಮೀರದಿದ್ದರೆ, ಸುಂಕವಿಲ್ಲದೆ ತರಬಹುದು. ಮದುವೆಗೆ ಎರಡು ತಿಂಗಳ ಮೊದಲಿನಿಂದ ಮದುವೆಯಾದ ನಾಲ್ಕು ತಿಂಗಳವರೆಗೆ ಮಾತ್ರ ಈ ಅವಕಾಶ. ಮದುವೆಯ ನೋಂದಣಿ ಪತ್ರ, ಬಿಲ್ಲುಗಳು ಮತ್ತು ಮೇಲೆ ಹೇಳಿದ ಪಟ್ಟಿ ಕೈಯಲ್ಲಿರಲಿ, ವಿಮಾನ ನಿಲ್ದಾಣದಲ್ಲಿ ನೀನೇ ಮುಂದಾಗಿ ಘೋಷಿಸು.

ಹಿತ್ತಾಳೆ, ತಾಮ್ರದ ಪಾತ್ರೆಗಳು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವಂತಿಲ್ಲವಾದ್ದರಿಂದ ಆಯಿ ಕಾಯಿಸಿದ ತುಪ್ಪವೂ ಬೇಡ. ಬೆಣ್ಣೆ ಇಲ್ಲಿ ಚೆನ್ನಾಗಿ ಸಿಗುತ್ತದೆ, ಮನೆಯಲ್ಲೇ ಕಾಯಿಸಿಕೊಳ್ಳಬಹುದು. ಏನು ಕೊಡಲಿ ಎಂದು ನೆಂಟರು ಈಗಲೂ ಕೇಳುತ್ತಿದ್ದರೆ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯೊಂದನ್ನು ಮಗುವಿನ ಅಳತೆಗೆ ಮಾಡಿಸಿಕೊಡಲು ಹೇಳು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಜೋಡಿಸುತ್ತಾ ಕೈಯಿಂದಲೇ ಹೊಲಿದು, ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿದ ಹೂವು ಇಡುತ್ತಾರೆ. ಆ ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ಆಯಿಯ, ಅಜ್ಜಿಯ ಹಳೆಯ ಹತ್ತಿ ಸೀರೆಗಳನ್ನು ಕೊಟ್ಟು ಹೊಲಿಸಿದರಂತೂ ಅದಕ್ಕಿಂತ ಮಿಗಿಲಾದ ಉಡುಗೊರೆಯನ್ನು ನಾನು ಕಂಡಿಲ್ಲ.

ಇನ್ನು ಹೆರಿಗೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿಯೇ ಆಗಲಿ. ಇಲ್ಲಿನ ಸಾರ್ವಜನಿಕ ಆರೋಗ್ಯ ವಿಮೆ ಭಾರತದಲ್ಲಿ ನಡೆಯುವ ಹೆರಿಗೆಯ ವೆಚ್ಚವನ್ನು ಕೊಡುವುದಿಲ್ಲ. ಸಾಮಾನ್ಯ ವಾಸ ಪರವಾನಗಿ ಇರುವವರು ಆರು ತಿಂಗಳಿಗಿಂತ ಹೆಚ್ಚು ಹೊರಗುಳಿದರೆ ಪರವಾನಗಿಯೇ ಬಿದ್ದುಹೋಗಬಹುದು. ಅಲ್ಲಿ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟು, ವೀಸಾ ಆಗುವವರೆಗೆ ತಂದೆಗೆ ಮಗುವಿನ ಮೊದಲ ತಿಂಗಳುಗಳೇ ತಪ್ಪಿಹೋಗುತ್ತವೆ. ಇಲ್ಲಿ ಹೆಬಾಮೆ ಎಂಬ ಸೂಲಗಿತ್ತಿ ಹೆರಿಗೆಯಾದ ಮೇಲೆ ಮನೆಗೇ ಬರುತ್ತಾಳೆ. ಮೊದಲ ಹತ್ತು ದಿನ ಪ್ರತಿದಿನವೂ, ಆಮೇಲೆ ಅಗತ್ಯವಿದ್ದಂತೆ 12 ವಾರದವರೆಗೂ ಬಂದು, ಹಾಲು ಕುಡಿಸುವುದರಿಂದ ಹಿಡಿದು ಹೊಲಿಗೆ ಮಾಯುವವರೆಗೆ ಎಲ್ಲವನ್ನೂ ನೋಡುತ್ತಾಳೆ. ಅದರ ವೆಚ್ಚವನ್ನು ವಿಮೆಯೇ ಕೊಡುತ್ತದೆ. ಗರ್ಭಿಣಿಯೆಂದು ತಿಳಿದ ವಾರದಲ್ಲಿಯೇ ಅವಳನ್ನು ಹುಡುಕಲು ತೊಡಗು, ತಡವಾದರೆ ಸಿಗುವುದು ಕಷ್ಟ. ನೀನು ಆಗ ಕೆಲಸದಲ್ಲಿದ್ದರೆ ಹೆರಿಗೆಗೆ ಮೊದಲು ಆರು ವಾರ, ನಂತರ ಎಂಟು ವಾರ ರಜೆ ಕಾನೂನಿನಂತೆಯೇ ಸಿಗುತ್ತದೆ. ಮಗುವಿನ ಹೆಸರನ್ನು ಹನ್ನೆರಡನೆಯ ದಿನದ ನಾಮಕರಣಕ್ಕೆ ಬಿಡುವುದಕ್ಕೂ ಅಡ್ಡಿಯಿಲ್ಲ, ಒಂದು ತಿಂಗಳೊಳಗೆ ತಿಳಿಸಿದರಾಯಿತು. ಮಗು ಭಾರತೀಯ ಪ್ರಜೆಯಾಗಿ ಉಳಿಯುವುದಾದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಲು ಮರೆಯಬೇಡ.

ಆಯಿಯ ಪದ್ಧತಿಗೂ ಹೆಬಾಮೆಯ ಮಾತಿಗೂ ನಡುವೆ ನೀನು ನಿಲ್ಲಬೇಕಾಗುತ್ತದೆ. ಎರಡನ್ನೂ ಗೌರವಿಸುವುದು ಸಾಧ್ಯ. ಬಚ್ಚಲಿಗೆ ನೆಲದಲ್ಲಿ ನೀರು ಹೋಗುವ ಕಂಡಿ ಇಲ್ಲದ್ದರಿಂದ ನನ್ನ ಆಯಿ ಸ್ನಾನದ ತೊಟ್ಟಿಯೊಳಗೇ ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದಳು. ಸೂಲಗಿತ್ತಿ ನಿಂತು ನೋಡಿ ಮೆಚ್ಚಿಕೊಂಡಳು. ಜೀರಿಗೆ ಕಷಾಯ, ಒಳ್ಳೆಮೆಣಸಿನ ಸಾರು, ಮೆಂತ್ಯದ ಗಂಜಿ ಯಾರಿಗೂ ಅಡ್ಡಿಯಾಗಲಿಲ್ಲ. ಆದರೆ ಚಿನ್ನದ ಉಂಗುರದಿಂದ ಎಳೆಮಗುವಿಗೆ ಜೇನು ನೆಕ್ಕಿಸುವುದನ್ನು ಮಾತ್ರ ಖಂಡಿತ ಬಿಡು. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಕೋಣೆಯಲ್ಲಿ ಸಾಮ್ರಾಣಿ ಹೊಗೆಯೂ ಬೇಡ. ಬಿಸಿಲಿಲ್ಲದ ಚಳಿಗಾಲದಲ್ಲಿ ವೈದ್ಯರು ಹೇಳುವ ವಿಟಮಿನ್ ಡಿ ತಪ್ಪಿಸಬೇಡ.

ತಾಯ್ತನದ ಸಂತೋಷದ ಬಗ್ಗೆ ನೀನು ಕೇಳಿಲ್ಲ, ಭಯದ ಬಗ್ಗೆ ಮಾತ್ರ ಕೇಳಿದ್ದೀಯೆ; ಆದರೂ ಹೇಳುತ್ತೇನೆ. ಊರಿನಲ್ಲಾಗಿದ್ದರೆ ಮಗು ಹತ್ತು ಕೈಗಳಲ್ಲಿ ಬೆಳೆಯುತ್ತದೆ, ಅದು ದೊಡ್ಡ ಭಾಗ್ಯ. ಇಲ್ಲಿ ಆ ಹತ್ತು ಕೈಗಳಿಲ್ಲದ್ದರಿಂದ ಮಗುವಿನ ತಂದೆಯೂ ಮೊದಲ ದಿನದಿಂದಲೇ ಬಟ್ಟೆ ಬದಲಿಸುತ್ತಾರೆ, ರಾತ್ರಿ ಎತ್ತಿಕೊಂಡು ತಿರುಗುತ್ತಾರೆ, ಹಾಗೆ ಮಗುವಿನೊಡನೆ ಅವರಿಗೆ ಬೆಳೆಯುವ ಸಲಿಗೆಯನ್ನು ನಮ್ಮ ಅಪ್ಪಯ್ಯಂದಿರು ಪಡೆದಿರಲಿಲ್ಲ. ಮನೆಯೊಳಗೆ ನಮ್ಮ ಮಾತನ್ನೇ ಆಡಿದೆವು. ಹೊರಗಿನ ಭಾಷೆ ಶಿಶುವಿಹಾರದಲ್ಲಿ ತಾನಾಗಿ ಬಂತು, ಮಕ್ಕಳಿಬ್ಬರೂ ಇಂದಿಗೂ ನನ್ನನ್ನು ಆಯಿ ಎಂದೇ ಕರೆಯುತ್ತಾರೆ. ಮೊದಲ ಮಗಳು ಫೋನಿನಲ್ಲಿ ಅಜ್ಜನೊಡನೆ ಅಡಿಕೆ ಕೊನೆಕೊಯ್ಲಿನ ಸುದ್ದಿ ಕೇಳುವಷ್ಟು ಮಾತು ಕಲಿತ ದಿನ ನನಗಾದ ಆನಂದ ಯಾವ ಆಭರಣದಿಂದಲೂ ಆಗಿರಲಿಲ್ಲ.

ಆದ್ದರಿಂದ ಆಯಿಯನ್ನು ಕರೆಸುವ ವಿಷಯದಲ್ಲಿ ಮಾತ್ರ ಅಲಕ್ಷ್ಯ ಮಾಡಬೇಡ. ಜರ್ಮನಿಯೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ಸಂದರ್ಶಕ ವೀಸಾದಲ್ಲಿ 180 ದಿನಗಳಲ್ಲಿ 90 ದಿನವಷ್ಟೇ ಇರಲು ಬರುತ್ತದೆ. ಅವಳನ್ನು ಹೆರಿಗೆಗೆ ಬಹಳ ಮೊದಲೇ ಕರೆಸಿದರೆ ಬಾಣಂತನಕ್ಕೆ ದಿನಗಳು ಉಳಿಯುವುದಿಲ್ಲ. ವೈದ್ಯರು ಕೊಟ್ಟ ದಿನಾಂಕಕ್ಕೆ ಒಂದೆರಡು ವಾರ ಮೊದಲು ಬಂದರೆ ಸಾಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಅವಳ ಪಾಸ್‌ಪೋರ್ಟ್ ಇನ್ನೂ ಆಗಿಲ್ಲವೆಂದು ಬರೆದಿದ್ದೀಯೆ. ನೀನು ಕುಮಟೆಯಲ್ಲಿರುವಾಗಲೇ ಅದಕ್ಕೆ ಅರ್ಜಿ ಹಾಕಿಸು.